ತಾಮ್ರದ ಅಯಾನು ಎಷ್ಟು ಉಂಟು?

ಫಳ್ನೀರಿನ ಒಂದು ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಲೆಕ್ಚರರ್. ಸೆಲ್ಲಿನ ವೋಲ್ಟೇಜ್ ಅಳೆದು, ಅದರ ದ್ರಾವಣದಲ್ಲಿ ತಾಮ್ರದ ಅಯಾನು ಎಷ್ಟು ಉಂಟೆಂದು ಲೆಕ್ಕ ಹಾಕುವ ಪಾಠ ಒಂದುಂಟು. ಆ ವಾರ ಎಂತದಾದರೂ ಒಂದು ಆಗದ ವರ್ಷವೇ ನನಗೆ ನೆನಪಿಲ್ಲ.

ಮೈನಸ್

ಬೋಳಾರದಿಂದ ಬರುವ ಒಬ್ಬ ಹುಡುಗ, ಮನೆಯವರದ್ದು ಮೀನಿನ ಬೋಟು. ಸೆಲ್ ಪೂರ್ತಿ ಸತ್ತ ಮೇಲೆ ಉಳಿಯುವ ತಾಮ್ರದ ಲೆಕ್ಕ ಕೊಟ್ಟಿದ್ದೆ. ಉತ್ತರ ಹತ್ತರ ಘಾತ ಮೈನಸ್ ಮೂವತ್ತೇಳು, ಅಂದರೆ ಇಲ್ಲವೆಂದೇ ಲೆಕ್ಕ. ಅವನು ಹತ್ತರ ಘಾತ ಮೂವತ್ತೇಳು ಎಂದು ಬರೆದು, ಅಡಿಗೆರೆ ಬೇರೆ ಎಳೆದಿದ್ದ.

"ಇದೆಂತ ಮಾರಾಯ? ಇಡೀ ಭೂಮಿಯೇ ತಾಮ್ರವಾದ್ರೂ ಇಷ್ಟು ಆಗುದಿಲ್ಲ. ನೀನು ಒಂದು ಲೀಟರಿನಲ್ಲಿ ತುಂಬಿಸಿದ್ದಿ."

"ಸಾಂದ್ರತೆ ಮೈನಸ್ ಬರುದೇ ಇಲ್ಲ ಅಂತ ನಿನ್ನೆ ನೀವೇ ಹೇಳಿದ್ರಿ ಸರ್. ನನಗೆ ಹತ್ತರ ತಲೆ ಮೇಲೆ ಒಂದು ಮೈನಸ್ ಬಂದಿತ್ತು. ಅದನ್ನು ತೆಗೆದೆ."

ಚೈನಾ ಗ್ರಾಸ್

ಸೆಲ್ಲಿನ ಎರಡು ಬೀಕರುಗಳನ್ನು ಜೋಡಿಸಲು ಉಪ್ಪು ಬೆರೆಸಿದ ಜೆಲ್ಲಿ ತುಂಬಿದ ಕೊಳವೆ ಬೇಕು. ಜೆಲ್ಲಿಗೆ ಪುಡ್ಡಿಂಗ್ ಮಾಡುವ ಚೈನಾ ಗ್ರಾಸೇ ಆಗ್ತದೆ. ಬಂದರಿನ ಒಂದು ಅಂಗಡಿಗೆ ಹೋದೆ.

"ಎಷ್ಟು ಜನಕ್ಕೆ?" ಎಂದು ಕೇಳಿದರು ಅಂಗಡಿಯ ಬ್ಯಾರಿ ಸಾಹೇಬರು.

"ಮೂವತ್ತು."

"ಹಾಲು ಧಾರಾಳ ಹಾಕಿ."

"ಹಾಲು, ಸಕ್ಕರೆ ಎಂತದೂ ಇಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಹಾಕುದು."

ಸಾಹೇಬರು ಕಟ್ಟುತ್ತಿದ್ದ ಪೊಟ್ಟಣ ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದರು. "ಮೂವತ್ತು ಜನಕ್ಕೂ ಶುಗರ್ ಉಂಟಾ?"

ಎಕ್ಸ್‌ಟರ್ನಲ್ ಪರೀಕ್ಷಕರು

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದವರು ಬಹಳ ಕಟ್ಟುನಿಟ್ಟು. ಮೊದಲ ಬ್ಯಾಚಿನ ಹದಿನೆಂಟು ಮಂದಿಯ ಉತ್ತರವೂ 0.044.

"ದ್ರಾವಣ ಒಂದೇ ಇರಬಹುದು. ಹದಿನೆಂಟು ಕೈಗೂ ಒಂದೇ ಉತ್ತರ ಹೇಗೆ? ಇದು ಕಾಪಿ. ಎಲ್ಲರಿಗೂ ಸೊನ್ನೆ ಹಾಕ್ತೇನೆ," ಎಂದರು.

ಒಬ್ಬಳು ಹುಡುಗಿ ಅಳಲು ಶುರು ಮಾಡಿದಳು. "ಸರ್, ಒಮ್ಮೆ ನೀವೇ ಮಾಡಿ ನೋಡಿ," ಎಂದೆ.

ಅವರು ಅಂಗಿಯ ತೋಳು ಮಡಚಿ, ಲೋಹದ ಪಟ್ಟಿಗಳನ್ನು ತಾವೇ ಉಜ್ಜಿ, ವಯರ್ ಸಿಕ್ಕಿಸಿದರು. ವೋಲ್ಟ್‌ಮೀಟರಿನ ಮುಳ್ಳು ನೋಡಿ ಲೆಕ್ಕ ಹಾಕಿದರು. 0.044.

ಮುಖ ಅರಳಿತು. "ಕಲಿಸಿದರೆ ಹೀಗೆ ಕಲಿಸಬೇಕು," ಎಂದು ನನ್ನ ಬೆನ್ನು ತಟ್ಟಿ, ಹದಿನೆಂಟು ಮಂದಿಗೂ ಪೂರ್ತಿ ಅಂಕ ಬರೆದು, ಶಾಯಿಯಲ್ಲಿ ಸಹಿ ಹಾಕಿದರು. ಆಮೇಲೆ ವಯರ್ ಕಳಚಿದರು.

ಸೊನ್ನೆಗೆ ಇಳಿಯಬೇಕಿದ್ದ ಮುಳ್ಳು ಇದ್ದಲ್ಲೇ ಇತ್ತು. ಅವರು ಮೀಟರನ್ನು ಮೆಲ್ಲಗೆ ತಟ್ಟಿದರು. ಅಲ್ಲಾಡಲಿಲ್ಲ. ಮುಳ್ಳನ್ನು ನೋಡಿದರು, ತಮ್ಮ ಸಹಿಯನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಒಳ್ಳೆ ಸೆಲ್ ಮಾರಾಯ್ರೆ," ಎಂದರು. "ವಯರ್ ಸಹ ಬೇಡ ಇದಕ್ಕೆ."