ಶ್ರೂಡ್ಲಿ ಕುಂಟಿದ ಮಾವ

ಕೊಳ್ಳೇಗಾಲದಲ್ಲಿ ನನ್ನ ಸೋದರಮಾವನಷ್ಟು ಚಾಲಾಕಿ ಮನುಷ್ಯ ಇನ್ನೊಬ್ಬನಿಲ್ಲ. ಇದು ನನ್ನ ಮಾತಲ್ಲ, ಅವರೇ ಹೇಳಿಕೊಳ್ಳುವುದು! ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರ ಬಾಯಲ್ಲಿ ಉಳಿದಿರುವ ಇಂಗ್ಲಿಷ್ ಪದ ಒಂದೇ: ಶ್ರೂಡ್ಲಿ. ಸೊಪ್ಪು ತಂದರೂ ಶ್ರೂಡ್ಲಿ, ಹಲ್ಲುಜ್ಜಿದರೂ ಶ್ರೂಡ್ಲಿ!

"ಅಂದ್ರೇನು ಮಾವ?" ಎಂದು ಕೇಳಿದ ತಪ್ಪಿಗೆ ಒಂದು ದಿನ ನಿಘಂಟು ಸಮೇತ ಪಾಠವಾಯಿತು.

"ಚಾಲಾಕಿತನದಿಂದ ಅಂತ ಕಣ್ಲಾ. ಮೂಲ ಉಡುಕ್ಕಂಡೋದ್ರೆ ಸಿಕ್ಕೋದು ಶ್ರೂ, ಅಂದ್ರೆ ಒಂದು ಸುಂಡಿಲಿ! ಆ ಉದ್ದ ಮೂತಿ ಪ್ರಾಣಿ ಬಲೇ ಕೇಡಿ ಅಂತ ಇಂಗ್ಲೆಂಡಿನೋರು ನಂಬಿದ್ರಂತೆ. ಅದ್ರ ಎಸ್ರಲ್ಲಿ ಕೆಟ್ಟೋರ್ನ ಬೈತಿದ್ರು. ಬೈತಾ ಬೈತಾ ಅದೇ ಒಗಳಿಕೆ ಆಗೋಯ್ತು!"

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ನಾನೂ ಮೂವತ್ತೊರ್ಸದಿಂದ ನಿಮ್ಮುನ್ನ ಬೈತಾ ಇವ್ನಿ. ಇನ್ನೂ ಒಗಳಿಕೆ ಆಗ್ನಿಲ್ವಲ್ಲ!"

ಈಚೆಗೆ ಹನೂರಿನ ಮದುವೆಗೆ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ. ಬೋರ್ಡು ಹಾಕುವ ಮೊದಲೇ ಮಾವ ಕಿಟಕಿಯಿಂದ ತಮ್ಮ ಟವೆಲ್ ಎಸೆದು ಸೀಟು ಹಿಡಿದರು. ಶ್ರೂಡ್ಲಿ! ಆ ಬಸ್ಸು ಹೋದದ್ದು ಯಳಂದೂರಿಗೆ. ಟವೆಲ್ಲು ಹಾಯಾಗಿ ಕೂತುಕೊಂಡು ಹೋಯಿತು, ನಾವು ಮೂವರು ಹನೂರಿನವರೆಗೂ ನಿಂತುಕೊಂಡು ಹೋದೆವು.

ನಿಂತೂ ನಿಂತೂ ಅತ್ತೆಯ ಮಂಡಿ ಊದಿಕೊಂಡಿತು. ಮೂರೇ ದಿನದಲ್ಲಿ ಗೋಡೆ ಹಿಡಿದು ನಡೆಯುವಂತಾಯಿತು. ಮಾವನ ಮುಖ ಸಣ್ಣದಾಯಿತು. ಕಾಮಗೆರೆಯ ಆಸ್ಪತ್ರೆಗೆ ಹೋಗೋಣವೆಂದರೆ ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಅಸುಗೆ ಮೇವಾಕೋರ್ಯಾರು? ನಂಗೇನಾಗದೆ ಈಗ?"

ಮಾರನೆಯ ದಿನ ನೋಡಿದರೆ ಮಾವನೂ ಕುಂಟುತ್ತಿದ್ದಾರೆ! ಗಾಬರಿಯಾದ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು: "ನಂಗೇನೂ ಆಗಿಲ್ಲ ಕಣ್ಲಾ. ನನ್ ಕಾಲ್ ತೋರ್ಸಕೆ ಜೊತೆಗ್ ಬಾ ಅಂತ ಕರ್ಕಂಡೋಗಿ, ಅವಳ್ ಮಂಡೀನೆ ತೋರುಸ್ಬುಡದು. ಶ್ರೂಡ್ಲಿ!"

ನಾಲ್ಕು ದಿನ ಬಿಡದೆ ಕುಂಟಿದರು. ಐದನೆಯ ದಿನ ಅತ್ತೆ ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೇಬಿಟ್ಟರು. ಡಾಕ್ಟರ ಮುಂದೆ ಮಾವ ಪಟ್ಟನೆ ಎದ್ದು ನಿಂತು, "ಮೊದ್ಲು ಇವಳ್ ಮಂಡಿ ನೋಡಿ ಸಾ" ಎಂದರು. ಅತ್ತೆ ತಕರಾರಿಲ್ಲದೆ ತೋರಿಸಿದರು. ಮಾತ್ರೆಯೂ ಸಿಕ್ಕಿತು, ಮಂಡಿಗೆ ಪಟ್ಟಿಯೂ ಬಿತ್ತು.

ವಾಪಸು ಬಸ್ಸಿನಲ್ಲಿ ಮಾವ ಮೀಸೆ ತಿರುವಿದರು. "ಎಂಗೆ ನನ್ ಐಡಿಯಾ?"

"ಬೆಳಿಗ್ಗೆ ಎಡಗಾಲು ಕುಂಟ್ತಿದ್ರಿ, ಮದ್ಯಾನ ಬಲಗಾಲು," ಎಂದರು ಅತ್ತೆ. "ಮೊದ್ಲುನೇ ದಿನ್ವೇ ಗೊತ್ತಾಯ್ತು."

ಮಾವ ತಬ್ಬಿಬ್ಬಾದರು. "ಗೊತ್ತಿದ್ರೂ ಯಾಕ್ ಬಂದೆ ಮತ್ತೆ?"

ಅತ್ತೆ ಕಿಟಕಿಯ ಕಡೆ ತಿರುಗಿಕೊಂಡರು. "ನಂಗೋಸ್ಕರ ನಾಕ್ ದಿನ ಕುಂಟುದ್ರಲ್ಲ... ನೋಡಕಾಗ್ನಿಲ್ಲ."

ಮಾವ ಕಣ್ಣೊರೆಸಿಕೊಳ್ಳಲು ಹೆಗಲು ತಡಕಿದರು. ಟವೆಲ್ಲು ಯಳಂದೂರಿನಿಂದ ಇನ್ನೂ ಬಂದಿರಲಿಲ್ಲ. ಅತ್ತೆ ತಿರುಗಿ ನೋಡದೆಯೇ ಸೆರಗಿನ ತುದಿಯನ್ನು ಅವರ ಕೈಗಿಟ್ಟರು.