ಜೊಹರಾಳ ಅಂಗಡಿ

ಬಿಸಿಲಿಗೆ ಹರವಿದ ಬಂಗುಡೆ ಮೀನುಗಳನ್ನು ಒಂದೊಂದಾಗಿ ಮಗುಚುತ್ತ ಜೊಹರಾ ಕೊಟ್ಟಿಗೆಹಾರದಲ್ಲಿ ಅಂಗಡಿ ಇಟ್ಟಾಗಿತ್ತು. ಹಂಚಿನ ಮಾಡು, ಹಲಗೆ ಬಾಗಿಲು, ಗಲ್ಲಾದ ಹಿಂದೆ ತಾನು. ಎದುರಿಗೆ ಮಂಜಿನೊಳಗಿಂದ ಒಬ್ಬೊಬ್ಬರಾಗಿ ಮೂಡಿ ಬರುವ ಗಿರಾಕಿಗಳು. ಮದುವೆಯಾಗಿ ಘಟ್ಟ ಹತ್ತಿ ಬಾಳೂರಿಗೆ ಬಂದವಳಿಗೆ ಇಲ್ಲಿ ತನ್ನದು ಅಂತ ಇದ್ದದ್ದು ಆ ಅಂಗಡಿಯೊಂದೇ. ಅದಿನ್ನೂ ಕಣ್ಣೊಳಗೇ ಇತ್ತು, ಅಷ್ಟೆ.

ಗಂಡ ಖಾದರ್ ಘಟ್ಟದ ಕೆಳಗಿಂದ ಎತ್ತಿನ ಗಾಡಿಯಲ್ಲಿ ತಂದ ಒಣಮೀನು ದಾರಿಯ ಇಬ್ಬನಿಗೆ ಮೆತ್ತಗಾಗಿತ್ತು. ಇವತ್ತು ಒಣಗದಿದ್ದರೆ ಹಾಕಿದ ಬಂಡವಾಳವೆಲ್ಲ ನಾಯಿಪಾಲು. ಚೆನ್ನಾಗಿ ಬಿಸಿಲು ಬೀಳುವ ಜಾಗ ಊರಿಗೆಲ್ಲ ಒಂದೇ, ರುದ್ರಪ್ಪನವರ ಕಾಫಿ ಕಣ. ಯಜಮಾನರು ಮೂಡಿಗೆರೆಗೆ ಹೋಗಿದ್ದರು. ಮೇಸ್ತ್ರಿ ಪುಟ್ಟಸ್ವಾಮಿ ಎರಡು ಬಂಗುಡೆ ಇಸಿದುಕೊಂಡು, ಅವಳು ಅಲ್ಲಿ ಮೀನು ಹರವಿದ್ದನ್ನು ಕಾಣದವನಂತೆ ಆಕಾಶ ನೋಡುತ್ತ ನಿಂತಿದ್ದ.

"ಅಲ್ಲ ಮಾರಾಯ್ತಿ, ಕಾಫಿಗೆ ವಾಸನೆ ಹಿಡಿಯಲ್ವ?" ಅಂದಳು ಕಾಫಿ ಕೆದಕುತ್ತಿದ್ದ ದ್ಯಾವಮ್ಮ.

"ಮೂಲೇಲಿ ಹಾಕಿದ್ದೀನಲ್ಲ."

"ವಾಸನೆಗೆ ಮೂಲೆ ಗೊತ್ತಾಗುತ್ತ?"

ಮಧ್ಯಾಹ್ನದ ಹೊತ್ತಿಗೆ ಮೀನು ಗರಿಗರಿಯಾಯಿತು. ಆಗಲೇ ಕಾರಿನ ಹಾರನ್ ಕೇಳಿಸಿತು. ಪುಟ್ಟಸ್ವಾಮಿ ಬಾಲಕ್ಕೆ ಪಟಾಕಿ ಕಟ್ಟಿದ ಕರುವಿನಂತೆ ಓಡಿಬಂದ.

"ಯಜಮಾನ್ರು! ಜೊತೇಲಿ ಮಂಗಳೂರು ಸಾವ್ಕಾರ್ರು ಬೇರೆ, ಕಾಫಿ ನೋಡೋಕೆ! ತೆಗಿ, ತೆಗಿ!"

"ತೆಗೆದು ಎಲ್ಲಿಗೆ ಹಾಕ್ಲಿ?"

ದ್ಯಾವಮ್ಮ ಯೋಚಿಸುತ್ತ ಕೂರುವವಳಲ್ಲ. ಪಕ್ಕದ ಕಾಫಿಯನ್ನೆಲ್ಲ ಎಳೆದು ಮೀನಿನ ಮೇಲೆ ಗುಡ್ಡೆ ಹಾಕಿಬಿಟ್ಟಳು. ಮೀನು ಮಾಯವಾಯಿತು. ಆದರೆ ಉಳಿದ ರಾಶಿಗಳ ನಡುವೆ ಆ ಗುಡ್ಡೆ ಮಾತ್ರ ದಿಬ್ಬಣದ ಮದುಮಗಳ ಹಾಗೆ ಎದ್ದು ಕಾಣುತ್ತಿತ್ತು.

ರುದ್ರಪ್ಪನವರು ನೆಟ್ಟಗೆ ಅಲ್ಲಿಗೇ ಬಂದರು. "ತೊಳೆದು ಒಣಗಿಸಿದ ಪಾರ್ಚ್‌ಮೆಂಟು ಕಾಫಿ ಅಂದ್ರೆ ಇದು ನೋಡಿ. ಕೈ ಹಾಕಿ ಒಳಗಡೇದು ತೆಗೀರಿ. ನಮ್ಮಲ್ಲಿ ಮೇಲೊಂದು ಒಳಗೊಂದು ಇಲ್ಲ."

ಸಾಹುಕಾರ ಉಮರ್ ಫಾರೂಕ್ ಮೊಣಕೈ ತನಕ ಕೈ ಹಾಕಿದರು. ಹೊರಗೆ ತೆಗೆದಾಗ ಬೆರಳುಗಳ ನಡುವೆ ಒಂದು ಬಂಗುಡೆ ಬಾಯಿ ತೆರೆದು ಯಜಮಾನರನ್ನೇ ನೋಡುತ್ತಿತ್ತು.

ಜೊಹರಾಳ ಅಂಗಡಿ ಮಂಜಿನಲ್ಲಿ ಕರಗತೊಡಗಿತು. ಮೊದಲು ಹಂಚು, ಆಮೇಲೆ ಹಲಗೆ, ಕೊನೆಗೆ ಗಲ್ಲಾ.

"ಯಾರದ್ದು ಇದು?" ರುದ್ರಪ್ಪನವರು ಗುಡುಗಿದರು.

"ನಂದು," ಅಂದಳು ಜೊಹರಾ.

ಫಾರೂಕ್ ಮೀನನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ಈ ರಾಶಿ ಬೇಡ ರುದ್ರಪ್ಪನವ್ರೇ, ಉಳಿದ ಕಾಫಿಯೆಲ್ಲ ತಗೊಳ್ತೇನೆ. ಆದ್ರೆ ಈ ಮೀನುಂಟಲ್ಲ ಮಾರಾಯ್ರೇ! ಬಿಳಿ ದೊರೆಗಳ ಎಸ್ಟೇಟಲ್ಲಿ ನಮ್ಮ ಘಟ್ಟದ ಕೆಳಗಿನ ಆಳುಗಳು ಇದಕ್ಕೇ ಬಾಯಿ ಬಿಡ್ತಾ ಕೂತಿದ್ದಾರೆ. ಕೊಟ್ಟಿಗೆಹಾರದಲ್ಲಿ ನನ್ನ ಮಳಿಗೆ ಒಂದು ಖಾಲಿ ಉಂಟು. ನಾಳೆಯೇ ಅಂಗಡಿ ಇಡಬಹುದು."

ಜೊಹರಾ ಬಾಯಿ ತೆರೆಯುವಷ್ಟರಲ್ಲಿ ಗಲಾಟೆ ಕೇಳಿ ಖಾದರ್ ಓಡಿಬಂದ. ಫಾರೂಕ್ ಅವನ ಹೆಗಲ ಮೇಲೆ ಕೈ ಇಟ್ಟರು. "ಇವರ ಗಂಡ ನೀವಾ? ಒಳ್ಳೇದಾಯ್ತು. ಗಲ್ಲಾದಲ್ಲಿ ನೀವು ಕೂತ್ಕೊಳ್ಳಿ. ಇವರು ಇಲ್ಲೇ ಒಣಗಿಸ್ತಾ ಇರಲಿ."

ಕಾಫಿ ಮಾರಾಟವಾದ ಖುಷಿಯಲ್ಲಿ ರುದ್ರಪ್ಪನವರೂ ತಣ್ಣಗಾದರು. ಕಣದ ಆಚೆ ಬಂಡೆಯ ಮೇಲೆ ಎಷ್ಟು ಬೇಕಾದರೂ ಹರವಿಕೊಳ್ಳಲಿ ಅಂದರು.

"ಏನು ಅದೃಷ್ಟ ಮಾರಾಯ್ತಿ ನಿಂದು!" ದ್ಯಾವಮ್ಮ ಜೊಹರಾಳ ಕೆನ್ನೆ ಹಿಡಿದಳು. "ಒಂದೇ ದಿನಕ್ಕೆ ಅಂಗಡಿಯೋನ ಹೆಂಡ್ತಿ ಆಗ್ಬಿಟ್ಟೆ!"

ಸಂಜೆ ಜೊಹರಾ ಕೂತು ಮೀನುಗಳ ಬಾಯಿಂದ ಕಾಫಿ ಬೀಜ ಬಿಡಿಸುತ್ತಿದ್ದಳು.

"ಬೋರ್ಡಲ್ಲಿ ನನ್ನ ಹೆಸರೊಂದೇ ಸಾಕಾ, ಅಪ್ಪಂದೂ ಹಾಕ್ಸೋದಾ?" ಖಾದರ್ ಕೇಳಿದ.

"ನಿಮ್ಗೆ ಹೇಗೆ ಇಷ್ಟವೋ ಹಾಗೆ," ಅಂದಳು.

ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಅಂಗಡಿ ತೆರೆಯುವ ದಿನ ಅವನು ಎತ್ತು ಬಿಚ್ಚಿ, ನೀರು ಕುಡಿಸಿ ಬರುವಷ್ಟರಲ್ಲಿ ಗಲ್ಲಾದ ಹಿಂದೆ ತಾನು ಕೂತಿರಬೇಕು. ಎಬ್ಬಿಸುವವರು ಗಿರಾಕಿಗಳ ಎದುರಿಗೇ ಎಬ್ಬಿಸಲಿ.