ಇಸ್ರೇಲಿನ ದೀನಾ, ಅರಕಲಗೂಡಿನ ವೀಣಾ

ಕಾದಂಬರಿ ಓದುವವರಿಂದ ಲೋಕಕ್ಕೆ ಯಾವ ಅಪಾಯವೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ತನ್ನ ಪಾಡಿಗೆ ತಾನು ಕುರ್ಚಿಯಲ್ಲಿ ಕೂತು ಹಾಳೆ ತಿರುವುವ ಹೆಂಗಸು ಯಾರ ಮನೆಯನ್ನು ತಾನೇ ಹಾಳು ಮಾಡಿಯಾಳು? ಹಾಗಂದುಕೊಂಡಿದ್ದವಳು ನಾನು. ನನ್ನ ಅಣ್ಣನ ಮನೆ ಸ್ವಲ್ಪದರಲ್ಲಿ ಉಳಿಯಿತು!

ನನ್ನ ಹೆಸರು ವನಜಾಕ್ಷಿ. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮದುವೆಯಾಗಲಿಲ್ಲ. ಯಾಕೆ ಎಂದು ಜನ ಕೇಳಿದಾಗ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಯಾರೂ ಕೇಳುವುದಿಲ್ಲ. ಅದಕ್ಕೂ ಸಿಟ್ಟು ಬರುತ್ತದೆ. ಅರಕಲಗೂಡಿನಿಂದ ವರ್ಗವಾಗಿ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ಬೀದಿಯವರು ಒಳ್ಳೆಯವರು. ಬೆಳಿಗ್ಗೆ "ಸ್ಕೂಲಿಗಾ?" ಅನ್ನುತ್ತಾರೆ, ಸಂಜೆ "ಬಂದ್ರಾ?" ಅನ್ನುತ್ತಾರೆ. ಎರಡಕ್ಕೂ "ಹೂಂ" ಅಂದರೆ ಆ ದಿನದ ಮಾತುಕತೆ ಮುಗಿಯಿತು. ಆಮೇಲೆ ನಾನು ಕುಕ್ಕರಿನ ಜೊತೆ ಮಾತಾಡುತ್ತೇನೆ. ಅದು ಕೂಗಿದಾಗ "ಬಂದೆ, ಬಂದೆ" ಎನ್ನುತ್ತೇನೆ. ಬೇರೆ ಯಾರೂ ಕೂಗಿ ಕರೆಯುವವರಿಲ್ಲವಲ್ಲ!

ಅರಕಲಗೂಡಿನಲ್ಲಿದ್ದಾಗ ಇಂಗ್ಲಿಷ್ ಟೀಚರ್ ಫಿಲೋಮಿನಾ ನನ್ನ ಜೀವದ ಗೆಳತಿಯಾಗಿದ್ದಳು. ನನಗೆ ಇಲ್ಲಿಗೆ, ಅವಳಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಹೋಗುವ ದಿನ ನನ್ನ ಕೈಗೊಂದು ದಪ್ಪ ಪುಸ್ತಕ ಇಟ್ಟಳು. ಬೈಬಲ್ ಕಾಲದ ಇಸ್ರೇಲಿನಲ್ಲಿ ನಡೆಯುವ ಪ್ರೇಮಕಾದಂಬರಿ. ಅಂಥವು ಅವಳ ಹತ್ತಿರ ಒಂದು ಬೀರು ತುಂಬ ಇದ್ದವು.

"ಇದ್ರಲ್ಲಿ ದೇವರೂ ಇದ್ದಾನೆ, ಪ್ರೇಮವೂ ಇದೆ ಕಣೇ. ಯಾರಾದ್ರೂ ನೋಡಿ ಕೇಳಿದ್ರೆ ದೇವರ ಪುಸ್ತಕ ಅನ್ನು," ಎಂದಳು.

ಯಾರೂ ಕೇಳಲಿಲ್ಲ.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ತೊಡೆಯ ಮೇಲೆ ಕಾದಂಬರಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಕೂತರೆ ಒಂದು ಪುಟ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಸಾರು ಅರ್ಧ ಇಂಗಿರುತ್ತಿತ್ತು. ಆದರೆ ಕತೆ ಬಿಡಲಿಲ್ಲ. ಬೆತ್ಲೆಹೇಮಿನ ಕಡೆಯ ಒಂದು ಗುಡ್ಡದ ಹಳ್ಳಿ. ಅಲ್ಲಿ ದೀನಾ ಎಂಬ ಹುಡುಗಿ. ಅವಳ ಅಪ್ಪ ದ್ರಾಕ್ಷಾರಸದ ವ್ಯಾಪಾರಿಯೊಬ್ಬನಿಗೆ ಅವಳನ್ನು ಕೊಡುವುದಾಗಿ ಊರ ಹಿರಿಯರ ಮುಂದೆ ಮಾತು ಕೊಟ್ಟಿದ್ದಾನೆ. ಅವಳ ಮನಸ್ಸೋ, ಬಾವಿಕಟ್ಟೆಯಲ್ಲಿ ತನ್ನ ಕೊಡ ತುಂಬಿಸಿಕೊಟ್ಟ ಕುರಿ ಕಾಯುವವನ ಮೇಲೆ! ಮಕ್ಕಳಿಗೆ ಹಳಗನ್ನಡದ ಕರುಣರಸ ಪಾಠ ಮಾಡುವಾಗ ಒಂದು ದಿನವೂ ಒದ್ದೆಯಾಗದ ನನ್ನ ಕಣ್ಣು, ಆ ಬಾವಿಕಟ್ಟೆಯ ಅಧ್ಯಾಯಕ್ಕೆ ಧಾರಾಕಾರ ಸುರಿಯಿತು.

ಹೀಗಿರುವಾಗ ಹಾಸನದಲ್ಲಿ ಒಂದು ತರಬೇತಿಗೆ ಹೋಗಬೇಕಾಯಿತು. ಹಿಂದಿನ ದಿನವೇ ದೀನಾ ಬಟ್ಟೆಗಂಟು ಕಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ಪುಸ್ತಕವನ್ನು ಮನೆಯಲ್ಲೇ ಬಿಟ್ಟುಬಂದಿದ್ದೆ. ದಿನವಿಡೀ ತರಬೇತಿಯಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಸಂಜೆ ಬಸ್ಸು ಹತ್ತಿದ ಕೂಡಲೇ ಫಿಲೋಮಿನಾಗೆ ಫೋನ್ ಮಾಡಿದೆ. ಬಸ್ಸಿನ ಗದ್ದಲಕ್ಕೆ ತಕ್ಕಂತೆ ಗಂಟಲು ಏರಿಸಿದೆ.

"ಫಿಲೋ, ದೀನಾ ಓಡಿಹೋದ್ಲಾ, ಇಲ್ವಾ? ಅದೊಂದು ಹೇಳ್ಬಿಡು! ... ಹೋದ್ಲಾ! ಆ ಕುರಿ ಕಾಯೋನ ಜೊತೇಲೇನಾ? ... ಅಯ್ಯೋ, ಅವರಪ್ಪ ಆ ವೈನ್ ವ್ಯಾಪಾರಿಗೆ ಮಾತು ಕೊಟ್ಟಿದ್ದು ಏನಾಗ್ಬೇಕು? ... ಹೋಗ್ಲಿ ಬಿಡು, ನನಗಂತೂ ಸಂತೋಷವಾಯ್ತು!"

ಫೋನ್ ಇಟ್ಟಾಗ ಬಸ್ಸು ನಿಶ್ಶಬ್ದವಾಗಿತ್ತು. ಕಂಡಕ್ಟರು ಕೂಡ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ್ದ. ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಿದ್ದವರು ಪಕ್ಕದ ಮನೆಯ ಜಯಮ್ಮ. ಅದನ್ನು ನಾನು ಇಳಿಯುವಾಗ ನೋಡಿದೆ. ಅವರು ಎಂದಿನಂತೆ "ಬಂದ್ರಾ?" ಎನ್ನಲಿಲ್ಲ. ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿದರು.

ಮರುದಿನ ಸಂಜೆ ಜಯಮ್ಮ ಒಂದು ಪಾತ್ರೆ ಹಿತಕಿದಬೇಳೆ ಸಾರು ಹಿಡಿದು ನನ್ನ ಮನೆಗೇ ಬಂದರು! ಬಂದವರು ಕೂತೂ ಕೂತರು!

"ನೆನ್ನೆ ಬಸ್ಸಾಗೆ ಕಿವಿಗೆ ಬಿತ್ತು ಮೇಡಮ್ಮೋರೆ, ತಪ್ಪು ತಿಳ್ಕಬ್ಯಾಡಿ. ಆ ಮಗು ಓಗಿರಾದು ಎಲ್ಲಿಗೆ?"

ಕತೆ ಅವರನ್ನೂ ಹಿಡಿದಿದೆ ಎಂದು ನನಗೆ ಹಿಗ್ಗಾಯಿತು. ಕನ್ನಡ ಟೀಚರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ!

"ಗುಡ್ಡದ ಆಚೆಗೆ ಹೋಗಿದ್ದಾಳೆ ಜಯಮ್ಮ. ಈಗ ಒಂದು ಗವಿಯಲ್ಲಿದ್ದಾರೆ."

"ಗವೀಲಾ! ಸಿವನೇ! ಅವ್ನ ಪರಿಚಯ ಎಂಗಾಯ್ತು?"

"ಬಾವಿಗೆ ನೀರು ಸೇದೋಕೆ ಹೋಗಿದ್ಳು. ಅಲ್ಲಿ."

"ನಲ್ಲೀಲಿ ನೀರು ಬತ್ತಿರ್ನಿಲ್ವಾ?"

"ಎಲ್ಲಿಯ ನಲ್ಲಿ ಜಯಮ್ಮ!" ಎಂದು ನಾನು ನಕ್ಕೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಆಮೇಲೆ ಅವರು ದಿನಾ ಬಂದರು. ಅವರ ಯಜಮಾನರು ರಂಗೇಗೌಡರು, ತೆಂಗಿನಕಾಯಿ ವ್ಯಾಪಾರ ಮಾಡುವವರು, ಅವರೂ ಬಂದು ಜಗಲಿಯ ಮೇಲೆ ಕೂರತೊಡಗಿದರು. ನಾನು ಬೆಳಗಿನ ಜಾವ ಎದ್ದು ನಿಘಂಟು ಹಿಡಿದು ಓದುತ್ತಿದ್ದೆ. ಸಂಜೆ ಅವರಿಗೆ ಒಪ್ಪಿಸುತ್ತಿದ್ದೆ. ಸೈನಿಕರು ಹುಡುಕಿಕೊಂಡು ಬಂದದ್ದು ಹೇಳಿದೆ. ರಂಗೇಗೌಡರು "ಪೋಲೀಸ್ನೋರ ಕಾಟ ಇದ್ದಿದ್ದೇ," ಎಂದರು. ಕುರಿ ಕಾಯುವವನು ಅವಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಬೆಟ್ಟ ದಾಟಿಸಿದ್ದು ಹೇಳಿದೆ.

"ಕತ್ತೆ ಮ್ಯಾಲಾ!" ಗೌಡರು ಮರುಗಿದರು. "ಪಾಪ, ಒಂದು ಟೂವೀಲರ್ರೂ ಇಲ್ವೇ ಅವ್ನತ್ರ?"

ಗೌಡರಿಗೆ ಎಷ್ಟು ಹಾಸ್ಯಪ್ರಜ್ಞೆ ಎಂದುಕೊಂಡೆ!

ಒಂದು ಸಂಜೆ ಜಯಮ್ಮ ದನಿ ತಗ್ಗಿಸಿ ಕೇಳಿದರು. "ನಿಮ್ಮಣ್ಣಾರು ಅನ್ನ ಮುಟ್ಟಿದ್ರಾ ಮೇಡಮ್ಮೋರೆ?"

"ನಮ್ಮಣ್ಣನಾ? ಅವನಿಗೇನಾಗಿದೆ?"

"ಏನಾಗದೆ ಅಂತೀರಲ್ಲ! ಎತ್ತ ಮಗಳು ವೀಣಾ ಇಂಗೆ ಓಡೋದ್ರೆ ಯಾವ ತಂದೆ ತಾನೆ ತಡ್ಕಂಡಾನು?"

ವೀಣಾ ನನ್ನ ಅಣ್ಣನ ಮಗಳು. ಗೌರಿಹಬ್ಬಕ್ಕೆ ಬಂದಿದ್ದಾಗ ಈ ಜಯಮ್ಮನೇ ಅವಳಿಗೆ ಜಡೆ ಹೆಣೆದು ಹೂ ಮುಡಿಸಿದ್ದರು. ಬಸ್ಸಿನ ಗದ್ದಲದಲ್ಲಿ ಅವರ ಕಿವಿಗೆ ಬಿದ್ದದ್ದು ದೀನಾ ಅಲ್ಲ, ವೀಣಾ!

ಅಲ್ಲಿಯೇ, ಆ ಕ್ಷಣದಲ್ಲಿಯೇ, ನಿಜ ಹೇಳಬೇಕಿತ್ತು. ಬಾಯಿಯನ್ನೂ ತೆರೆದೆ. ಆದರೆ ಜಗಲಿಯ ಮೇಲೆ ಗೌಡರು ಕಾಲು ಚಾಚಿ ಕೂತಿದ್ದರು. ಜಯಮ್ಮ ನನ್ನ ಚಾಪೆಯ ಮೇಲೆ ನನ್ನ ಮೊಣಕಾಲಿಗೆ ತಾಗಿ ಕೂತಿದ್ದರು. ಅಡುಗೆಮನೆಯ ತೊಟ್ಟಿಯಲ್ಲಿ ಮೂರು ಲೋಟಗಳು ಒಟ್ಟಿಗೆ ತೊಳೆಸಿಕೊಳ್ಳಲು ಕಾದಿದ್ದವು. ನಿಜ ಹೇಳಿದರೆ ಇವರು ಎದ್ದು ಹೋಗುತ್ತಾರೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಸದ್ಯಕ್ಕೆ ಜಾಣತನ ತೋರಿಸಿದೆ.

"ಹೆಸರು ಎತ್ತಬೇಡಿ ಜಯಮ್ಮ. ಯಾರಿಗೂ ಹೇಳಬೇಡಿ," ಎಂದೆ.

ಸುದ್ದಿಗೆ ಸರ್ಕಾರಿ ಮೊಹರು ಬಿತ್ತು!

ಆ ವಾರದಲ್ಲೇ ಅರಕಲಗೂಡಿನಿಂದ ಅಣ್ಣನ ಫೋನು. "ಭಾನುವಾರ ವೀಣಾನ ನೋಡೋಕೆ ಚನ್ನರಾಯಪಟ್ಟಣದಿಂದ ಬರ್ತಿದ್ದಾರೆ. ಒಳ್ಳೆ ಸಂಬಂಧ. ನೀನೂ ಬಾ. ಬಂದು ಸುಮ್ಮನೆ ಕೂತಿರು."

ಸುಮ್ಮನೆ ಕೂರುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಒಪ್ಪಿದೆ. ಆ ಸಂಜೆ ಮೈಮರೆತು ಜಯಮ್ಮನಿಗೆ ಹೇಳಿಬಿಟ್ಟೆ. "ಭಾನುವಾರ ನಾನಿರೋದಿಲ್ಲ. ಅರಕಲಗೂಡಿಗೆ ಹೋಗ್ತಿದ್ದೀನಿ. ಹುಡುಗನ ಕಡೆಯವರು ಮಾತುಕತೆಗೆ ಬರ್ತಾರೆ."

ಜಯಮ್ಮ ಗಂಡನ ಮುಖ ನೋಡಿದರು. ಗೌಡರು ಗಂಭೀರವಾಗಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಅರ್ಥ ನನಗೆ ಭಾನುವಾರ ತಿಳಿಯಿತು.

ಅಣ್ಣನ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ಅಪ್ಪ ಅಮ್ಮ ಗೋಡೆಯ ಫೋಟೋಗಳನ್ನು ಪರೀಕ್ಷಿಸುತ್ತಿದ್ದರು. ಒಳಗೆ ಅತ್ತಿಗೆ ಕೇಸರಿಬಾತಿಗೆ ಗೋಡಂಬಿ ಹಾಕುತ್ತಿದ್ದರು. ಅಣ್ಣ ಹೇಳಿದಂತೆ ನಾನು ಸುಮ್ಮನೆ ಕೂತಿದ್ದೆ. ಆಗ ಬಾಗಿಲಲ್ಲಿ ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು, ಹೆಗಲ ಮೇಲೊಂದು ಎಳನೀರಿನ ಗೊನೆ ಹೊತ್ತು ರಂಗೇಗೌಡರು ಕಾಣಿಸಿಕೊಂಡರು. ಹಿಂದೆ ರೇಷ್ಮೆ ಸೀರೆಯಲ್ಲಿ ಜಯಮ್ಮ.

"ಒಂಟಿ ಎಂಗ್ಸು, ಅಷ್ಟು ಜನದ ಮುಂದೆ ಏನು ಮಾತಾಡೀರಿ ಅಂತ ನಾವೇ ಬಂದ್ಬುಟ್ವಿ ಕಣ್ರೀ," ಎಂದು ಜಯಮ್ಮ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡರು.

ನನಗಾಗಿ ಹೀಗೆ ಯಾರೂ ಬಸ್ಸು ಹತ್ತಿ ಬಂದಿರಲಿಲ್ಲ. ನಾನೂ ಅವರ ಕೈಯನ್ನು ಬಿಗಿಯಾಗಿ ಹಿಡಿದೆ. ಹಿಡಿಯಬಾರದ ಹೊತ್ತಿಗೇ ಹಿಡಿದೆ. ಅಷ್ಟರಲ್ಲಿ ಗೌಡರು ಭಾಷಣ ಶುರು ಮಾಡಿಬಿಟ್ಟಿದ್ದರು.

"ನೋಡಿ ಸಾ," ಎಂದು ಅವರು ನನ್ನ ಅಣ್ಣನಿಗೆ ಕೈ ಮುಗಿದರು. "ಮಗು ಓಡೋಗಿದ್ದು ಆಗೋಯ್ತು. ಗವೀಲಿದ್ರು, ಬೆಟ್ಟದಾಗಿದ್ರು, ಪೋಲೀಸ್ನೋರು ಬಂದ್ರು. ಎಲ್ಲ ಮರ್ತುಬುಡಿ. ಆ ವೈನ್ ಅಂಗಡಿಯೋನಿಗೆ ನೀವು ಮಾತು ಕೊಟ್ಟಿದ್ದೇ ತಪ್ಪು. ಕುರಿ ಕಾಯೋನಾದ್ರೇನು? ಇವತ್ತಿನ ಕಾಲ್ದಾಗೆ ಕುರಿ ಇರೋನೇ ಸಾವ್ಕಾರ!"

ಕೇಸರಿಬಾತಿನ ತಟ್ಟೆ ಹಿಡಿದು ಬಂದ ವೀಣಾ ಬಾಗಿಲಲ್ಲೇ ನಿಂತಳು. ಹುಡುಗನ ಅಮ್ಮ ಎದ್ದು ನಿಂತರು. ಅಣ್ಣನ ಮುಖ ಅರಿಶಿನದಂತಾಯಿತು. ಗೌಡರು ಮಾತ್ರ ಪ್ರೀತಿಯಿಂದ ಹುಡುಗನ ಭುಜದ ಮೇಲೆ ಕೈಯಿಟ್ಟರು.

"ನೀನೇ ಏನಪ್ಪ ಕುರಿ ಕಾಯೋನು?"

ಹುಡುಗ ಹೈಸ್ಕೂಲಿನ ಗಣಿತದ ಮೇಷ್ಟ್ರು. ಅವನು ತಲೆಯೆತ್ತಿ, ಸ್ವಲ್ಪ ಯೋಚಿಸಿ, "ಒಂದು ಲೆಕ್ಕದಲ್ಲಿ ಹೌದು ಸಾರ್. ಎಂಟನೇ ಕ್ಲಾಸಿಗೆ ಪಾಠ ಮಾಡ್ತೀನಿ," ಎಂದ.

ಯಾರೂ ನಗಲಿಲ್ಲ. ಇನ್ನು ತಡೆದರೆ ವೀಣಾಳ ಬಾಳು ಕೆಡುತ್ತದೆ ಎಂದು ನಾನು ಎದ್ದು ನಿಂತೆ. ಚೀಲದಿಂದ ಕಾದಂಬರಿ ತೆಗೆದೆ. ರಕ್ಷಾಪುಟದಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಹುಡುಗಿ, ಹಿಂದೆ ಕುರಿಗಳು, ಅವುಗಳ ಹಿಂದೆ ಒಬ್ಬ ಗಡ್ಡದವನು.

"ಓಡಿಹೋದವಳು ಇವಳು," ಎಂದೆ. "ಇಸ್ರೇಲಿನವಳು. ಹೆಸರು ದೀನಾ. ಇದೆಲ್ಲ ನಡೆದು ಎರಡು ಸಾವಿರ ವರ್ಷಕ್ಕಿಂತ ಹೆಚ್ಚಾಯಿತು. ನಡೆದೇ ಇಲ್ಲ, ಕತೆ."

"ಮತ್ತೆ ಇವರು?" ಎಂದ ಅಣ್ಣ.

"ನಮ್ಮ ಪಕ್ಕದ ಮನೆಯವರು. ತಪ್ಪು ತಿಳಿದುಕೊಂಡಿದ್ದರು. ನನಗೆ ಗೊತ್ತಾದಮೇಲೂ ನಾನು ಹೇಳಲಿಲ್ಲ."

"ಯಾಕೆ ಹೇಳ್ಲಿಲ್ಲ?"

ನಡುಮನೆ ತುಂಬ ಜನ ನನ್ನನ್ನೇ ನೋಡುತ್ತಿದ್ದರು. "ದಿನಾ ಸಂಜೆ ಮನೆಗೆ ಬರ್ತಿದ್ರು," ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ಹೊಳೆಯಲಿಲ್ಲ. ಕನ್ನಡ ಟೀಚರು!

ಮೊದಲು ನಕ್ಕವಳು ವೀಣಾ. ತಟ್ಟೆಯ ಚಮಚಗಳು ಗಲಗಲ ಅಲುಗುವಷ್ಟು ನಕ್ಕಳು. ಅವಳನ್ನು ನೋಡಿ ಗಣಿತದ ಮೇಷ್ಟ್ರೂ ನಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಆಗಲೇ. ಹುಡುಗನ ಅಮ್ಮ ಕೂತರು, ಅತ್ತಿಗೆ ಕಾಫಿ ತಂದರು, ಸಂಬಂಧ ಕುದುರಿತು. ನನ್ನನ್ನು ಮಾತ್ರ ಹುಡುಗನ ಅಮ್ಮ ಹೋಗುವಾಗ ಕೇಳಿದರು: "ಈ ವಯಸ್ಸಲ್ಲಿ ಇಂಥಾದ್ದೆಲ್ಲ ಓದ್ತೀರಾ?"

"ದೇವರ ಪುಸ್ತಕ," ಎಂದೆ.

ವಾಪಸು ಬಸ್ಸಿನಲ್ಲಿ ಜಯಮ್ಮ, ರಂಗೇಗೌಡರು ಮುಂದೆ ಕೂತರು. ನಾನು ಹಿಂದೆ ಕೂತೆ. ಪಕ್ಕದ ಸೀಟು ಖಾಲಿಯಿತ್ತು. ಅವರು ತಿರುಗಿ ನೋಡಲಿಲ್ಲ. ಹೊಳೆನರಸೀಪುರದಲ್ಲಿ ಇಳಿದಮೇಲೆ ಜಯಮ್ಮ ಒಂದೇ ಮಾತು ಕೇಳಿದರು.

"ಆ ಮಗೀಗೋಸ್ಕರ ನರಸಿಂಹಸ್ವಾಮಿಗೆ ಅರಕೆ ಕಟ್ಕಂಡಿದ್ದೆ. ಈಗ ಯಾರ ಎಸರೇಳಿ ತೀರಿಸ್ಲಿ?"

ಕೇಳಿದವರೇ ಸರಸರನೆ ಮುಂದೆ ಹೋದರು.

ಆಮೇಲೆ ಯಾರೂ ಬರಲಿಲ್ಲ. "ಸ್ಕೂಲಿಗಾ?" ಎನ್ನುವುದೂ ನಿಂತಿತು. ನಾನು ಕಾದಂಬರಿ ಓದಿ ಮುಗಿಸಿದೆ. ಕೊನೆಯ ಪುಟಗಳಿಗೆ ಅತ್ತೆ. ಅತ್ತದ್ದನ್ನು ಹೇಳಿಕೊಳ್ಳಲು ಫಿಲೋಮಿನಾಗೆ ಫೋನ್ ಮಾಡಿದರೆ ಅವಳು ಪರೀಕ್ಷೆ ಕೆಲಸದಲ್ಲಿದ್ದಳು.

ಹೀಗೇ ಒಂದು ಸಂಜೆ ಗೇಟಿನ ಸದ್ದಾಯಿತು. ಜಯಮ್ಮ! ಗೇಟಿನ ಆಚೆಗೇ ನಿಂತಿದ್ದರು. ಮುಖ ಬಿಗಿದಿತ್ತು.

"ನೀವು ಮಾಡಿದ್ದು ಸರಿಯಲ್ಲ ಮೇಡಮ್ಮೋರೆ."

"ಸರಿಯಲ್ಲ ಜಯಮ್ಮ."

"ನಮ್ಮೋರು ಎಳ್ನೀರು ಒತ್ಕಂಡ್ ಬಂದಿದ್ರು, ಪಾಪ."

"ಹೌದು ಜಯಮ್ಮ."

ಅವರು ಅತ್ತಿತ್ತ ನೋಡಿದರು. ಹೋಗುವವರಂತೆ ಅರ್ಧ ತಿರುಗಿದರು. ಆಮೇಲೆ ಗೇಟಿನ ಸರಳು ಹಿಡಿದು, "ಅದೇನಾರ ಇರ್ಲಿ. ಆ ಎಣ್ಣಿಗೆ ಕೊನೇಲಿ ಮದ್ವೆ ಆಯ್ತಾ, ಇಲ್ವಾ?" ಎಂದರು.

ಹೊಸ್ತಿಲಲ್ಲೇ ನಿಂತು ಗಡಗಡನೆ ಹೇಳಿದೆ. ಕುರಿ ಕಾಯುವವನು ಯುದ್ಧಕ್ಕೆ ಹೋಗಿ ಕುಂಟಿಕೊಂಡು ವಾಪಸು ಬಂದದ್ದು, ವ್ಯಾಪಾರಿ ಊರಬಾಗಿಲಲ್ಲಿ ಹಿರಿಯರ ಮುಂದೆ ತನ್ನ ಹಕ್ಕು ಬಿಟ್ಟುಕೊಟ್ಟದ್ದು, ಅಪ್ಪ ಮಗಳ ತಲೆ ಮುಟ್ಟಿ ಹರಸಿದ್ದು, ಜವೆಗೋಧಿ ಕೊಯ್ಲಿನಲ್ಲಿ ಮದುವೆಯಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ!

ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸದ್ಯ, ಒಳ್ಳೇದಾಯ್ತಲ್ಲ," ಎಂದರು.

"ಒಳಗೆ ಬನ್ನಿ ಜಯಮ್ಮ, ಕಾಫಿ ಮಾಡ್ತೀನಿ."

"ಇಲ್ಲ ಕಣ್ರೀ, ಒಲೆ ಮ್ಯಾಲೆ ಹಾಲಿಟ್ಟು ಬಂದಿವ್ನಿ," ಎಂದು ಅವರು ಹೊರಟೇಬಿಟ್ಟರು.

ಅವರ ಮನೆಯ ಬಾಗಿಲು ಮುಚ್ಚಿಕೊಂಡ ಮೇಲೆ ನನಗೆ ಹೊಳೆಯಿತು. ಯುದ್ಧ ಇವತ್ತಿಗೆ, ಊರಬಾಗಿಲು ನಾಳೆಗೆ, ಮದುವೆ ನಾಡಿದ್ದಿಗೆ ಎಂದು ಇಟ್ಟುಕೊಂಡಿದ್ದರೆ ಮೂರು ಸಂಜೆ ಆಗುತ್ತಿತ್ತು. ಗೇಟಿನಿಂದ ಜಗಲಿಗೆ, ಜಗಲಿಯಿಂದ ಚಾಪೆಗೆ ಬರುತ್ತಿದ್ದರೋ ಏನೋ. ಎಲ್ಲವನ್ನೂ ಗೇಟಿನಲ್ಲೇ ಸುರಿದು ಕಳಿಸಿಬಿಟ್ಟೆನಲ್ಲ!